ಗಿರಣಿ ಹುಡುಗ ಕಟ್ಟಿದ ನಿಘಂಟು

ನನ್ನ ತಂಗಿ ದಕ್ಷಿಣ ಯಾರ್ಕ್‌ಶೈರಿನ ಒಂದು ಆಸ್ಪತ್ರೆಗೆ ಡಾಕ್ಟರಾಗಿ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಎದುರಿಗೆ ಕೂತವನು ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತನಾದ ಮುದುಕ. ಕೀಲುನೋವಿಗೆ ಮಾತ್ರೆ ಬರೆದುಕೊಟ್ಟು, ಹೊಟ್ಟೆ ನೋಯುತ್ತಿರುವಾಗ ಇದನ್ನು ತೆಗೆದುಕೊಳ್ಳಬೇಡಿ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. 'ಇರುವಾಗ' ಅನ್ನುವುದಕ್ಕೆ ಅವಳು ಬಳಸಿದ ಪದ 'ವೈಲ್'. ನಾವೆಲ್ಲ ಶಾಲೆಯಲ್ಲಿ ಕಲಿತ ವೈಲ್. ಮುದುಕ ತಲೆಯಾಡಿಸಿ, ಅರ್ಥವಾಯಿತೆಂದು ತೋರಿಸಲು ಅದನ್ನೇ ತನ್ನ ಮಾತಿನಲ್ಲಿ ತಿರುಗಿ ಹೇಳಿದ. ಅಲ್ಲೇ ಹುಟ್ಟಿ ಬೆಳೆದ ನರ್ಸ್ ಅದನ್ನು ಕೇಳಿಸಿಕೊಂಡು ಕೈಲಿದ್ದ ಕೆಲಸ ಬಿಟ್ಟು ಓಡಿಬಂದಳು. ಆ ಸೀಮೆಯಲ್ಲಿ ವೈಲ್ ಅಂದರೆ 'ಇರುವಾಗ' ಅಲ್ಲ, 'ತನಕ'. ಒಂಬತ್ತರಿಂದ ಐದರ ತನಕ ಕೆಲಸ ಅನ್ನಲು ಅವರು 'ನೈನ್ ವೈಲ್ ಫೈವ್' ಅನ್ನುತ್ತಾರೆ. ಮುದುಕ ಅರ್ಥ ಮಾಡಿಕೊಂಡಿದ್ದು ಹೀಗೆ: ಹೊಟ್ಟೆನೋವು ಶುರುವಾಗುವ ತನಕ ಮಾತ್ರೆ ಮುಟ್ಟಬೇಡ, ಶುರುವಾದ ಮೇಲೆ ನುಂಗು.

ತಂಗಿ ಆ ರಾತ್ರಿ ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ನಡುಗುತ್ತಿತ್ತು. ಇಂಗ್ಲಿಷ್ ಪರೀಕ್ಷೆಗಳನ್ನೆಲ್ಲ ಒಳ್ಳೆಯ ಅಂಕ ತೆಗೆದು ಪಾಸು ಮಾಡಿ ಹೋದವಳು. ಆದರೆ ಅವಳು ಹೋಗಿ ಸೇರಿದ ಊರಿನ ಇಂಗ್ಲಿಷು ಆ ಪರೀಕ್ಷೆಗಳಲ್ಲಿ ಇರಲೇ ಇಲ್ಲ.

ಮುಂದಿನ ವರ್ಷ ನಾನು ಅವಳ ಮನೆಗೆ ಹೋಗಿ ಮೂರು ತಿಂಗಳು ಇದ್ದೆ. ಅಷ್ಟರಲ್ಲಿ ಅವಳ ಅಡುಗೆಮನೆಯ ಫ್ರಿಜ್ಜಿನ ಮೇಲೆ ಕನ್ನಡದಲ್ಲಿ ಬರೆದ ಚೀಟಿಗಳು ಸಾಲುಗಟ್ಟಿದ್ದವು. ಬ್ಯಾಡ್ಲಿ ಅಂದರೆ ಮೈಯಲ್ಲಿ ಹುಷಾರಿಲ್ಲ. ಲಗ್ಸ್ ಅಂದರೆ ಕಿವಿ. ಜಿಗರ್ಡ್ ಅಂದರೆ ಸುಸ್ತಾಗಿ ಬಿದ್ದಿದ್ದೇನೆ. ನಾಬಟ್ ಮಿಡ್ಲಿಂಗ್ ಅಂದರೆ ಅಷ್ಟಕ್ಕಷ್ಟೆ. ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂದು ಕೆಳಗೆ ಗೆರೆ ಎಳೆದಿದ್ದಳು. ಆ ಕಡೆಯ ಹಿರಿಯರು ಎದೆಯುರಿ ತಡೆಯಲಾರದೆ ಒದ್ದಾಡುವಾಗಲೂ ಕೇಳಿದರೆ ಅಷ್ಟಕ್ಕಷ್ಟೆ ಅನ್ನುವ ಜಾತಿಯವರು.

ನನ್ನನ್ನು ಹಿಡಿದು ನಿಲ್ಲಿಸಿದ ಚೀಟಿ 'ಸ್ಟಾರ್ವ್ಡ್'. ಉಪವಾಸ ಬಿದ್ದಿದ್ದೇನೆ ಎಂದು ನಾವು ತಿಳಿಯುತ್ತೇವೆ. ಉತ್ತರ ಇಂಗ್ಲೆಂಡಿನ ಮುದುಕಿಯೊಬ್ಬಳು ಹಾಗಂದರೆ ಚಳಿಗೆ ಸೆಟೆದು ಹೋಗಿದ್ದೇನೆ, ಕಿಟಕಿ ಹಾಕು ಎಂದು ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಸ್ಟೆಯೊರ್ಫನ್ ಅಂದರೆ ಸಾಯುವುದು. ಜರ್ಮನ್ ಭಾಷೆಯಲ್ಲಿ ಸ್ಟೆರ್ಬೆನ್ ಅಂದರೆ ಇಂದಿಗೂ ಸಾವೇ. ಇಂಗ್ಲಿಷಿನಲ್ಲಿ ಈ ಸಾವಿನ ಪದ ಕಾಲಾನುಕಾಲದಲ್ಲಿ ಕಿರಿದಾಗುತ್ತ ಬಂತು. ಲಂಡನ್ ಕಡೆ ಅದು ಹಸಿವಿನಿಂದ ಸಾಯುವುದಕ್ಕೆ ನಿಂತಿತು, ಉತ್ತರದಲ್ಲಿ ಚಳಿಯಿಂದ ಸಾಯುವುದಕ್ಕೆ. ಹಸಿವಿಗೆ ಅಲ್ಲಿ 'ಕ್ಲೆಮ್ಡ್' ಎಂಬ ಬೇರೆಯೇ ಪದ ಇತ್ತು. ಒಂದೇ ತಾಯಿಯ ಎರಡು ಮಕ್ಕಳು. ಒಂದಕ್ಕೆ ರಾಜಧಾನಿಯ ಮನೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ. ಹಳ್ಳಿಯ ಇಂಗ್ಲಿಷು ಒಳ್ಳೆಯ ಇಂಗ್ಲಿಷು ಕೆಟ್ಟು ಆದದ್ದಲ್ಲ. ಎಷ್ಟೋ ಕಡೆ ಅದು ಪುಸ್ತಕದ ಇಂಗ್ಲಿಷಿಗಿಂತ ಹಳೆಯದು, ಎಷ್ಟೋ ಕಡೆ ಹೆಚ್ಚು ಪೂರ್ಣವಾದದ್ದು.

ಇದನ್ನು ಅಂದಾಜಿನಲ್ಲಿ ಹೇಳುವ ಅಗತ್ಯವಿಲ್ಲ. ಜೋಸೆಫ್ ರೈಟ್ ಎಂಬ ಮನುಷ್ಯ ಅದನ್ನು ಆರು ದಪ್ಪ ಸಂಪುಟಗಳಲ್ಲಿ ಲೆಕ್ಕವಿಟ್ಟು ತೋರಿಸಿ ಹೋಗಿದ್ದಾನೆ. 1855ರಲ್ಲಿ ಬ್ರಾಡ್‌ಫರ್ಡಿನ ಹತ್ತಿರ ಬಡವರ ಮನೆಯಲ್ಲಿ ಹುಟ್ಟಿದವನು. ಆರನೇ ವಯಸ್ಸಿಗೆ ಕಲ್ಲುಕ್ವಾರಿಯಲ್ಲಿ ಕತ್ತೆ ಹೊಡೆಯುವ ಕೆಲಸ. ಕಲ್ಲು ಒಡೆಯುವವರ ಉಳಿ, ಹಾರೆಗಳನ್ನು ಕತ್ತೆಗಾಡಿಯಲ್ಲಿ ಹಾಕಿಕೊಂಡು ಕಮ್ಮಾರನ ಹತ್ತಿರ ಒಯ್ಯಬೇಕು, ಸಾಣೆ ಹಿಡಿಸಿ ವಾಪಸು ತರಬೇಕು. ಏಳಕ್ಕೆ ಸಾಲ್ಟೇರಿನ ದೊಡ್ಡ ಉಣ್ಣೆ ಗಿರಣಿ. ಅಲ್ಲಿ ಅವನು ಡಾಫರ್, ಅಂದರೆ ನೂಲು ತುಂಬಿದ ಬಾಬಿನ್ ಕಿತ್ತು ಖಾಲಿ ಬಾಬಿನ್ ಹಾಕುವ ಹುಡುಗ. ದಿನದ ಅರ್ಧ ಗಿರಣಿ, ಅರ್ಧ ಗಿರಣಿಯವರದೇ ಶಾಲೆ. ಆ ಶಾಲೆಯಿಂದ ಅವನಿಗೆ ಅಕ್ಷರ ಹತ್ತಲಿಲ್ಲ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ನಡೆದಾಗ ಊಟದ ಹೊತ್ತಿನಲ್ಲಿ ಗಿರಣಿಯಲ್ಲಿ ಒಬ್ಬ ಪತ್ರಿಕೆಯನ್ನು ಜೋರಾಗಿ ಓದುತ್ತಿದ್ದನಂತೆ. ಯುದ್ಧದ ಸುದ್ದಿಗೆ ಇನ್ನೊಬ್ಬರ ಬಾಯಿ ಕಾಯಬೇಕಲ್ಲ ಎಂದು ಹುಡುಗನಿಗೆ ಅನ್ನಿಸಿತು. ಹದಿನೈದನೇ ವಯಸ್ಸಿನಲ್ಲಿ ತಾನೇ ಅಕ್ಷರ ಕಲಿತ.

ಆಮೇಲೆ ಆದದ್ದನ್ನು ಓದುವಾಗ ನನಗೆ ಪ್ರತಿಸಲ ರೋಮಾಂಚನವಾಗುತ್ತದೆ. ರಾತ್ರಿ ಶಾಲೆಗೆ ಹೋಗಿ ಫ್ರೆಂಚ್, ಜರ್ಮನ್ ಕಲಿತ. ತಾಯಿಯ ಪುಟ್ಟ ಮನೆಯಲ್ಲೇ ವಾರಕ್ಕೆ ಎರಡು ಪೆನ್ನಿ ಪಡೆದು ಗಿರಣಿ ಹುಡುಗರಿಗೆ ಪಾಠ ಹೇಳಿದ. 40 ಪೌಂಡ್ ಕೂಡಿಸಿಕೊಂಡು 1876ರಲ್ಲಿ ಹಡಗು ಹತ್ತಿ ಆಂಟ್‌ವರ್ಪ್‌ನಲ್ಲಿ ಇಳಿದು, ಅಲ್ಲಿಂದ ಜರ್ಮನಿಯ ಹೈಡೆಲ್‌ಬರ್ಗಿಗೆ ನಡೆದೇ ಹೋದ. 1885ರಲ್ಲಿ ಅಲ್ಲೇ ಡಾಕ್ಟರೇಟು. 1901ರಲ್ಲಿ ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕ. ಆ ಪೀಠದಲ್ಲಿ ಅವನಿಗಿಂತ ಮುಂಚೆ ಇದ್ದವರು ಮ್ಯಾಕ್ಸ್ ಮುಲ್ಲರ್, ಋಗ್ವೇದ ಅಚ್ಚು ಮಾಡಿಸಿದ ಅದೇ ಮ್ಯಾಕ್ಸ್ ಮುಲ್ಲರ್. ಕತ್ತೆ ಹೊಡೆದ ಹುಡುಗ ಆ ಕುರ್ಚಿಯಲ್ಲಿ ಕೂತ. ಅವನ ಹತ್ತಿರ ಪಾಠ ಹೇಳಿಸಿಕೊಂಡವರಲ್ಲಿ ಮುಂದೆ ಹಾಬಿಟ್‌ಗಳ ಕಥೆ ಬರೆದ ಟೋಲ್ಕಿನ್ ಒಬ್ಬ.

ದೊಡ್ಡ ಕುರ್ಚಿ ಸಿಕ್ಕ ಮೇಲೆ ಹುಟ್ಟೂರಿನ ಮಾತನ್ನು ಕಳಚಿ ಹಾಕುವವರೇ ಹೆಚ್ಚು. ರೈಟ್ ಅದನ್ನು ಎದುರಿಗಿಟ್ಟುಕೊಂಡು ಕೂತ. 1892ರಲ್ಲಿ ತಾನು ಬೆಳೆದ ವಿಂಡ್‌ಹಿಲ್ ಎಂಬ ಊರಿನ ಮಾತಿಗೆ, ಗ್ರೀಕ್ ಸಂಸ್ಕೃತಗಳಿಗೆ ಬರೆಯುವಷ್ಟೇ ಶಾಸ್ತ್ರೀಯವಾದ ವ್ಯಾಕರಣ ಬರೆದ. 1898ರಿಂದ 1905ರವರೆಗೆ ಇಂಗ್ಲಿಷ್ ಉಪಭಾಷೆಗಳ ನಿಘಂಟು ಹೊರಬಂತು. ಊರೂರಿನ ಪಾದ್ರಿಗಳು, ಮೇಷ್ಟರುಗಳು, ಗೃಹಿಣಿಯರು ಬರೆದು ಕಳಿಸಿದ ಚೀಟಿಗಳ ರಾಶಿಯಿಂದ ಆರಿಸಿ, ಯಾವ ಪದ ಯಾವ ಜಿಲ್ಲೆಯಲ್ಲಿ, ಯಾವ ಅರ್ಥದಲ್ಲಿ ಎಂದು ಒಂದೊಂದಕ್ಕೂ ವಿಳಾಸ ಕೊಟ್ಟಿದ್ದಾನೆ. ಸುಮಾರು 70,000 ಪದಗಳು. ನಮ್ಮಲ್ಲಿ ಕಿಟೆಲ್ ಕೋಶ ಬಂದದ್ದು 1894ರಲ್ಲಿ, ಹೆಚ್ಚು ಕಡಿಮೆ ಅದೇ ಹೊತ್ತು. ರೈಟ್‌ನ ತಾಯಿ ಒಮ್ಮೆ ಆಕ್ಸ್‌ಫರ್ಡಿಗೆ ಬಂದಾಗ ಆಲ್ ಸೋಲ್ಸ್ ಕಾಲೇಜಿನ ಭವ್ಯ ಕಟ್ಟಡ ನೋಡಿ, ಇದರಲ್ಲಿ ಒಳ್ಳೆಯ ಸಹಕಾರಿ ಅಂಗಡಿ ಇಡಬಹುದಿತ್ತು ಅಂದಳಂತೆ. ಅವಳು ಅದನ್ನು ಅಂದದ್ದು ವಿಂಡ್‌ಹಿಲ್ಲಿನ ಮಾತಿನಲ್ಲಿ. ಮಗ ನಿಘಂಟು ಕಟ್ಟಿದ್ದು ಆ ಮಾತಿಗೆ.

ಆ ನಿಘಂಟಿನಲ್ಲಿ 'ಲೇಕ್' ಎಂಬ ಪದವಿದೆ. ಕೆರೆಯಲ್ಲ, ಆಟ. ಯಾರ್ಕ್‌ಶೈರಿನ ಮಕ್ಕಳು ಲೇಕಿಂಗ್‌ಗೆ ಹೋಗುತ್ತಿದ್ದರು. ಗಿರಣಿಯಲ್ಲಿ ಆರ್ಡರು ಇಲ್ಲದೆ ಮಗ್ಗ ನಿಂತ ದಿನ ಕೆಲಸವಿಲ್ಲದೆ ಕೂತ ದೊಡ್ಡವರಿಗೂ ಅದೇ ಪದ, ಇವತ್ತು ಲೇಕಿಂಗ್. ಆಟದ ಪದವೇ ಹೊಟ್ಟೆಗಿಲ್ಲದ ದಿನದ ಪದವೂ ಆಗಿತ್ತು. ಒಂಬತ್ತನೇ ಶತಮಾನದಲ್ಲಿ ಹಡಗೇರಿ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದವರು ತಂದ ಪದ ಇದು. ಐಸ್‌ಲ್ಯಾಂಡಿನಲ್ಲಿ ಇಂದಿಗೂ ಆಟಕ್ಕೆ ಲೈಕಾ ಎಂದೇ ಅನ್ನುತ್ತಾರೆ. ಡೆನ್ಮಾರ್ಕಿನಲ್ಲಿ ಅದು ಲೈ ಎಂದಾಗಿದೆ, ಬರೆಯುವಾಗ ಮಾತ್ರ ಕೊನೆಯಲ್ಲಿ ಗಕಾರ ಉಳಿದಿದೆ. ಚೆನ್ನಾಗಿ ಆಡು ಅನ್ನುವ ಡೇನಿಷ್ ಮಾತಿನ ಎರಡು ತುಂಡು ಜೋಡಿಸಿ ಒಂದು ಆಟಿಕೆ ಕಂಪನಿ ತನ್ನ ಹೆಸರು ಕಟ್ಟಿಕೊಂಡಿತು: ಲೆಗೊ. ನಮ್ಮ ಮಕ್ಕಳ ಕೈಲಿರುವ ಆ ಬಣ್ಣದ ಇಟ್ಟಿಗೆಗಳ ಹೆಸರೂ ಯಾರ್ಕ್‌ಶೈರಿನ ಗಿರಣಿ ಕಾರ್ಮಿಕನ ಲೇಕಿಂಗೂ ಒಂದೇ ಬಳ್ಳಿಯವು.

ಯಾವ ಪದ ಗೆಲ್ಲುತ್ತದೆ, ಯಾವುದು ಸೋಲುತ್ತದೆ ಅನ್ನುವುದು ಪದದ ಯೋಗ್ಯತೆಗೆ ಸಂಬಂಧಪಟ್ಟದ್ದಲ್ಲ. ಇಂಗ್ಲೆಂಡಿಗೆ ಅಚ್ಚಿನ ಮೊಳೆ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಥೇಮ್ಸ್ ನದಿಯಲ್ಲಿ ಗಾಳಿಗಾಗಿ ಕಾಯುತ್ತಿದ್ದ ಹಡಗಿನಿಂದ ವ್ಯಾಪಾರಿಗಳು ಇಳಿದು ಒಂದು ಮನೆಗೆ ಹೋದರು. ಅವರಲ್ಲೊಬ್ಬ, ಶೆಫೀಲ್ಡ್ ಎಂಬ ಹೆಸರಿನವನು, ಊಟಕ್ಕೆ 'ಎಗ್ಸ್' ಕೇಳಿದ. ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಅಂದಳು. ಅವನಿಗೆ ಸಿಟ್ಟು ಬಂತು, ಫ್ರೆಂಚ್ ಅವನಿಗೂ ಬರುತ್ತಿರಲಿಲ್ಲ. ಇನ್ನೊಬ್ಬ 'ಐರನ್' ಬೇಕು ಅಂದಾಗ ಆಕೆಗೆ ತಿಳಿಯಿತು. ಎರಡೂ ಮೊಟ್ಟೆಯೇ. ಒಂದು ಉತ್ತರದ ಸ್ಕ್ಯಾಂಡಿನೇವಿಯ ಮೂಲದ ಪದ, ಇನ್ನೊಂದು ದಕ್ಷಿಣದ ಹಳೆಯ ಪದ. ಅಚ್ಚು ಹಾಕುವವನು ಯಾವುದನ್ನು ಆರಿಸಬೇಕು ಎಂದು ಕ್ಯಾಕ್ಸ್‌ಟನ್ ತಲೆ ಕೆಡಿಸಿಕೊಂಡಿದ್ದ. ಕೊನೆಗೆ ಉಳಿದದ್ದು ಅಂದು ವಿದೇಶಿ ಎನ್ನಿಸಿಕೊಂಡ ಎಗ್. ಐರನ್ ಗೆದ್ದಿದ್ದರೆ ಇಂದು ನಾವು ಬೆಂಗಳೂರಿನಲ್ಲಿ ಐರನ್ ಪಫ್ ತಿನ್ನುತ್ತಿದ್ದೆವು.

ತಂಗಿಯ ಮನೆಯ ಹಿಂದೆ ಎರಡು ಇಟ್ಟಿಗೆ ಗೋಡೆಗಳ ನಡುವೆ ಒಬ್ಬರು ಮಾತ್ರ ನಡೆಯಬಹುದಾದ ಓಣಿಯಿದೆ. ನಮ್ಮ ಸಂದಿ ಇದ್ದ ಹಾಗೆ. ಗೋಡೆಯ ಬುಡದಲ್ಲಿ ಪಾಚಿ, ಮೇಲೆ ಯಾರೋ ಒಣಹಾಕಿದ ಬಟ್ಟೆ. ಅದನ್ನು ಅವಳು ಗಿನಲ್ ಅನ್ನುತ್ತಾಳೆ. ಪಕ್ಕದ ಮನೆಯಾಕೆ ಸ್ನಿಕೆಟ್ ಅನ್ನುತ್ತಾಳೆ. ಗಿನಲ್ ಅಂದರೆ ಮನೆಗಳ ನಡುವಿನದು, ಸ್ನಿಕೆಟ್ ಅಂದರೆ ಬೇಲಿಗಳ ನಡುವಿನದು ಎಂದು ಒಬ್ಬರು ಹೇಳಿದರೆ ಅಲ್ಲ, ತದ್ವಿರುದ್ಧ ಎಂದು ಇನ್ನೊಬ್ಬರು. ನಾಟಿಂಗ್‌ಹ್ಯಾಮಿನಲ್ಲಿ ಇದೇ ಸಂದಿ ಟ್ವಿಚೆಲ್, ಲೆಸ್ಟರಿನಲ್ಲಿ ಜಿಟ್ಟಿ, ಸಸೆಕ್ಸಿನಲ್ಲಿ ಟ್ವಿಟನ್, ನಾರಿಚ್‌ನಲ್ಲಿ ಲೋಕ್, ಡರಮ್‌ನಲ್ಲಿ ವೆನಲ್, ಶ್ರೂಸ್‌ಬರಿಯಲ್ಲಿ ಶಟ್. ಹಲ್ ಎಂಬ ಬಂದರು ಊರಿನಲ್ಲಿ ಅಗಲವನ್ನೇ ಹೆಸರಾಗಿಟ್ಟು ಟೆನ್‌ಫುಟ್ ಅನ್ನುತ್ತಾರೆ. ಊರ ದೊಡ್ಡ ರಸ್ತೆಗೆ ರಾಜರ ಹೆಸರಿಡುತ್ತಾರೆ, ಸರ್ಕಾರ ಫಲಕ ನೆಡುತ್ತದೆ. ಸಂದಿಗೆ ಹೆಸರಿಡಲು ಯಾರೂ ಬರುವುದಿಲ್ಲ, ಅಲ್ಲಿ ಓಡಾಡುವವರೇ ಇಟ್ಟುಕೊಳ್ಳಬೇಕು. ಅದಕ್ಕೇ ಇಷ್ಟು ಹೆಸರು ಉಳಿದಿವೆ ಅನ್ನಿಸುತ್ತದೆ ನನಗೆ.

ದುಂಡಗಿನ ಬನ್ನಿನ ವಿಷಯವೂ ಹಾಗೆಯೇ. ಮ್ಯಾಂಚೆಸ್ಟರಿನಲ್ಲಿ ಬಾರ್ಮ್, ಡರ್ಬಿಯಲ್ಲಿ ಕಾಬ್, ಕೊವೆಂಟ್ರಿಯಲ್ಲಿ ಬ್ಯಾಚ್, ನ್ಯೂಕಾಸಲಿನಲ್ಲಿ ಅಗಲವಾದ ಸ್ಟಾಟಿ. ಬಾರ್ಮ್ ಅಂದರೆ ಬಿಯರ್ ಹುದುಗುವಾಗ ಮೇಲೇಳುವ ನೊರೆ. ಹಿಂದೆ ಹಿಟ್ಟು ಉಬ್ಬಿಸಲು ಅದನ್ನೇ ಹಾಕುತ್ತಿದ್ದರು. ಗಣಿಗೆ ಕಟ್ಟಿಕೊಂಡು ಹೋಗುವ ಬುತ್ತಿಗೆ ಯಾರ್ಕ್‌ಶೈರ್, ನಾಟಿಂಗ್‌ಹ್ಯಾಮ್ ಕಡೆ ಸ್ನ್ಯಾಪ್, ಡರಮ್ ಕಡೆ ಬೇಟ್, ಕಾರ್ನ್‌ವಾಲಿನ ತವರದ ಗಣಿಗಳಲ್ಲಿ ಕ್ರಿಬ್. ಗಣಿಗಳು ಮುಚ್ಚಿದವು. ಸ್ನ್ಯಾಪ್ ಮಾತ್ರ ಇಂದಿಗೂ ತಂಗಿಯ ಆಸ್ಪತ್ರೆಯ ಕಾವಲುಗಾರನ ಡಬ್ಬಿಯಲ್ಲಿದೆ.

ಆಟದ ನಡುವೆ ಕಾಲಿಗೆ ಮುಳ್ಳು ಚುಚ್ಚಿದರೆ ನಮ್ಮ ಮಕ್ಕಳು ಟೈಂ ಪ್ಲೀಸ್ ಎಂದು ಕೂಗುತ್ತಾರಲ್ಲ, ಆ ಒಂದು ಕೂಗಿಗೆ ಇಂಗ್ಲೆಂಡಿನಲ್ಲಿ ಎಷ್ಟು ಪದಗಳಿವೆ ಎಂದು ಅಯೋನಾ ಮತ್ತು ಪೀಟರ್ ಓಪಿ ದಂಪತಿ ಹುಡುಕಿದರು. 70 ಶಾಲೆಗಳ ಸುಮಾರು 5,000 ಮಕ್ಕಳಿಂದ ಕೂಡಿಸಿದ್ದನ್ನು 1959ರಲ್ಲಿ ಪುಸ್ತಕ ಮಾಡಿದರು. ಲಂಡನ್ನಿನ ಮಕ್ಕಳು ಫೇನೈಟ್ಸ್ ಅನ್ನುತ್ತಿದ್ದರು, ಪೂರ್ವದವರು ಕಿಂಗ್ಸ್, ಡರಮ್‌ನವರು ಸ್ಕಿಂಚ್, ಬ್ರಿಸ್ಟಲಿನವರು ಕ್ರೀ, ವಾಯವ್ಯದವರು ಬಾರ್ಲಿ. ಈ ಪದಗಳನ್ನು ಯಾವ ಮೇಷ್ಟರೂ ಕಲಿಸಿದ್ದಲ್ಲ, ಯಾವ ತಾಯಿಯೂ ಹೇಳಿಕೊಟ್ಟದ್ದಲ್ಲ. ಹತ್ತು ವರ್ಷದವನು ಎಂಟು ವರ್ಷದವನಿಗೆ ದಾಟಿಸಿ, ಎಂಟರವನು ಆರರವನಿಗೆ ದಾಟಿಸಿ ತಲೆಮಾರುಗಳು ಸಾಗಿ ಬಂದದ್ದು. ದೊಡ್ಡವರಾಗುತ್ತಲೇ ಮರೆತೂ ಬಿಡುತ್ತಾರೆ. ಭಾಷೆಯಲ್ಲಿ ಇಷ್ಟು ಬಡಪಾಯಿಯಾದ, ಇಷ್ಟು ಗಟ್ಟಿಯಾದ ವಾರಸುದಾರಿಕೆ ಇನ್ನೊಂದಿಲ್ಲ.

ಕುರಿಗಾಹಿಗಳ ಎಣಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಯಾರ್ಕ್‌ಶೈರಿನ ಕಣಿವೆಗಳಲ್ಲಿ, ಕಂಬ್ರಿಯಾದ ಬೆಟ್ಟಗಳಲ್ಲಿ ಕುರಿ ಎಣಿಸುವುದಕ್ಕೆ ಬೇರೆಯೇ ಸಂಖ್ಯೆಗಳಿದ್ದವು: ಯಾನ್, ಟಾನ್, ಟೆದೆರಾ, ಮೆದೆರಾ, ಪಿಂಪ್. ಹತ್ತಕ್ಕೆ ಡಿಕ್, ಹದಿನೈದಕ್ಕೆ ಬಂಫಿಟ್, ಇಪ್ಪತ್ತಕ್ಕೆ ಜಿಗಿಟ್. ಕಣಿವೆ ದಾಟಿದರೆ ಒಂದೆರಡು ಸಂಖ್ಯೆ ಬದಲಾಗುತ್ತದೆ. ವೇಲ್ಸಿನ ಭಾಷೆಯಲ್ಲಿ ಐದಕ್ಕೆ ಪಿಂಪ್ ಎಂದೇ ಉಚ್ಚಾರ, ಹತ್ತಕ್ಕೆ ಡೇಗ್. ಇಂಗ್ಲಿಷಿಗಿಂತ ಮೊದಲು ಆ ದ್ವೀಪದಲ್ಲಿದ್ದ ಕೆಲ್ಟಿಕ್ ಭಾಷೆಯ ಬೇರು ಇದು. ಇದು ಮೊದಲಿಂದ ಅಲ್ಲೇ ಉಳಿದದ್ದೋ, ಆಮೇಲೆ ಯಾರೋ ತಂದದ್ದೋ ಎಂದು ವಿದ್ವಾಂಸರು ಜಗಳವಾಡುತ್ತಾರೆ. ಆದರೆ ಪಿಂಪ್ ಅನ್ನುವುದೂ ಸಂಸ್ಕೃತದಿಂದ ನಮ್ಮ ಬಾಯಿಗೆ ಬಂದ ಪಂಚವೂ ಒಂದೇ ಮೂಲದಿಂದ ಕವಲೊಡೆದವು ಎಂಬುದರಲ್ಲಿ ಜಗಳವಿಲ್ಲ.

ಇನ್ನೂ ಹತ್ತಿರದ ನಂಟುಗಳಿವೆ. ಗೆಳೆಯನಿಗೆ ಅನ್ನುವ 'ಪಾಲ್' ಬಂದದ್ದು ರೋಮಾನಿ ಜನರ ಫ್ರಾಲ್‌ನಿಂದ, ಅದು ಸಂಸ್ಕೃತದ ಭ್ರಾತೃ. ರೋಮಾನಿಗಳು ಶತಮಾನಗಳ ಹಿಂದೆ ಭಾರತದಿಂದ ಹೊರಟವರು. 'ಡೆಕ್ಕೊ' ಅಂದರೆ ಒಂದು ನೋಟ, ಸಿಪಾಯಿಗಳು ಒಯ್ದ ದೇಖೋ. ತಲೆ ಕೆಟ್ಟವನಿಗೆ 'ಡೂಲಾಲಿ' ಅನ್ನುವುದು ನಾಸಿಕದ ಹತ್ತಿರದ ದೇವಳಾಲಿಯಿಂದ. ಊರಿಗೆ ಹೋಗುವ ಹಡಗಿಗಾಗಿ ಬ್ರಿಟಿಷ್ ಸಿಪಾಯಿಗಳು ಅಲ್ಲಿನ ಶಿಬಿರದಲ್ಲಿ ಸೆಕೆಯಲ್ಲಿ ಬೇಯುತ್ತ ತಿಂಗಳುಗಟ್ಟಲೆ ಕಾಯಬೇಕಿತ್ತು.

1950ರಿಂದ 1961ರವರೆಗೆ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್, ಜ್ಯೂರಿಕ್‌ನ ಯೂಜೆನ್ ಡೀತ್ ಯೋಜಿಸಿದಂತೆ 313 ಊರುಗಳಲ್ಲಿ ಉಪಭಾಷೆಗಳ ಸಮೀಕ್ಷೆ ನಡೆಯಿತು. ಪ್ರಶ್ನೆಗಳು 1,300ಕ್ಕೂ ಮಿಕ್ಕಿ. ಪದವನ್ನು ಬಾಯಿಗೆ ಇಟ್ಟುಕೊಡದ ಹಾಗೆ ಕೇಳಬೇಕಿತ್ತು: ಕೋಳಿ ಕೂಡುವ ಜಾಗಕ್ಕೆ ಏನನ್ನುತ್ತೀರಿ, ಎಡಗೈಯಲ್ಲಿ ಎಲ್ಲ ಮಾಡುವವನನ್ನು ಏನೆಂದು ಕರೆಯುತ್ತೀರಿ. ಹೆಚ್ಚಾಗಿ ವಯಸ್ಸಾದ ರೈತರನ್ನೇ ಕೇಳಿದರು. ಪೇಟೆಯ ಮಾತು, ಹೆಂಗಸರ ಮಾತು ಅದರಲ್ಲಿ ಕಡಿಮೆ. ಅದು ಆ ದೊಡ್ಡ ಕೆಲಸದ ಕೊರತೆಯೇ ಸರಿ. ಎಡಚನಿಗೆ ಮಾತ್ರ ಹತ್ತಾರು ಪದ ಸಿಕ್ಕವು: ಕ್ಯಾಕ್-ಹ್ಯಾಂಡೆಡ್, ಕಡ್ಡಿ-ವಿಫ್ಟರ್, ಕೆಗ್ಗಿ. ಎಲ್ಲೆಡೆ ಎಡಗೈಯವರನ್ನು ಜನ ಎಷ್ಟು ಗಮನಿಸಿ ಪೀಡಿಸಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಸಮೀಕ್ಷೆಯಲ್ಲಿ ಊರೂರು ಅಲೆದವರಲ್ಲಿ ಸ್ಟ್ಯಾನ್ಲಿ ಎಲಿಸ್ ಮುಖ್ಯ. ಯಾರ್ಕ್‌ಶೈರಿನಲ್ಲಿ ಒಂದರ ಮೇಲೊಂದು ಹೆಂಗಸರ ಕೊಲೆಗಳಾಗುತ್ತಿದ್ದ ಕಾಲ. 1979ರಲ್ಲಿ ಕೊಲೆಗಾರ ನಾನೇ ಎನ್ನುವ ಒಂದು ಟೇಪು ಪೊಲೀಸರಿಗೆ ಬಂತು. ದನಿ ಸಂಡರ್‌ಲ್ಯಾಂಡ್ ನಗರದ್ದು ಎಂದು ಎಲಿಸ್ ಕೇರಿಯ ಹೆಸರು ಸಮೇತ ಗುರುತಿಸಿದರು. ಇದು ಮೋಸದ ಟೇಪು ಇರಬಹುದೆಂದೂ ಎಚ್ಚರಿಸಿದರು. ಆದರೆ ತನಿಖೆ ಆ ದನಿಯ ಬೆನ್ನು ಹತ್ತಿತು. 1981ರಲ್ಲಿ ಸಿಕ್ಕಿಬಿದ್ದ ಕೊಲೆಗಾರ ಬ್ರಾಡ್‌ಫರ್ಡಿನವನು, ಅವನ ಮಾತೇ ಬೇರೆ. ಟೇಪು ಕಳಿಸಿದ ಮೋಸಗಾರ 2005ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಸಿಕ್ಕ. ಸಂಡರ್‌ಲ್ಯಾಂಡಿನವನೇ.

ಇಷ್ಟು ಸೂಕ್ಷ್ಮವಾದ ಜ್ಞಾನ ಕಿವಿಯಲ್ಲಿಟ್ಟುಕೊಂಡಿರುವ ದೇಶ ಅದನ್ನು ಮಕ್ಕಳ ಬಾಯಿಂದ ತೊಳೆಯಲು ಹೊರಡುತ್ತದಲ್ಲ, ಅದು ನನಗೆ ನೋವು. 2013ರಲ್ಲಿ ಮಿಡಲ್ಸ್‌ಬರೋದ ಒಂದು ಪ್ರಾಥಮಿಕ ಶಾಲೆ, ಮಕ್ಕಳು ಮನೆಯಲ್ಲಿ ಇಂತಿಂಥ ಪದ ಬಳಸಿದರೆ ತಿದ್ದಿ ಎಂದು ಪೋಷಕರಿಗೆ ಪತ್ರ ಬರೆಯಿತು. ಬರವಣಿಗೆಯ ಇಂಗ್ಲಿಷು ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಕೆಲಸ ಸಿಗುವುದು ಅದರಿಂದ. ಆದರೆ ಆ ಪಟ್ಟಿಯಲ್ಲಿ 'ಯೂಸ್' ಎಂಬ ಪದವಿತ್ತು, ಯೂ ಎಂಬುದರ ಬಹುವಚನ. ನಮಗೆ ನೀನು, ನೀವು ಎರಡಿವೆ. ಇಂಗ್ಲಿಷಿಗೂ ಇದ್ದವು, ದೌ ಮತ್ತು ಯೀ. ಪೇಟೆಯ ಇಂಗ್ಲಿಷು ಎರಡನ್ನೂ ಕಳೆದುಕೊಂಡು ಒಂದೇ ಯೂ ಇಟ್ಟುಕೊಂಡಿತು. ಯಾರ್ಕ್‌ಶೈರಿನ ಹಿರಿಯರು 'ದಾ' ಎಂದು ನೀನು ಅನ್ನುವುದನ್ನು ಉಳಿಸಿಕೊಂಡರು. ನನ್ನನ್ನು ದಾ ಅನ್ನಬೇಡ ಎಂದು ಅಲ್ಲಿ ಗದರುವುದೂ ನಮ್ಮಲ್ಲಿ ಏಕವಚನದಲ್ಲಿ ಮಾತಾಡಬೇಡ ಅನ್ನುವುದೂ ಒಂದೇ. ಬಹುವಚನವನ್ನು ಮಿಡಲ್ಸ್‌ಬರೋದ ಮಕ್ಕಳು ಯೂಸ್ ಎಂದು ಹೊಸದಾಗಿ ಹೊಲಿದುಕೊಂಡಿದ್ದಾರೆ. ಭಾಷೆಗೆ ಬಿದ್ದ ತೂತನ್ನು ಮುಚ್ಚಿದ ಮಗುವಿಗೆ ಅದು ತಪ್ಪು ಅನ್ನುವುದು ಹೇಗೆ?

ಪದಗಳು ಸವೆಯುತ್ತಿವೆ, ನಿಜ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಮೊಬೈಲ್ ಆ್ಯಪ್ ಮೂಲಕ ಹಳೆಯ ಸಮೀಕ್ಷೆಯ ಪ್ರಶ್ನೆಗಳನ್ನು ಮತ್ತೆ ಕೇಳಿದಾಗ, ಬೆರಳಿಗೆ ಚುಚ್ಚುವ ಮರದ ಸಿಬಿರಿಗಿದ್ದ ಸ್ಪೂಲ್, ಸ್ಪೈಲ್, ಸ್ಪೆಲ್ ಎಲ್ಲ ಹೋಗಿ ಸ್ಪ್ಲಿಂಟರ್ ಒಂದೇ ಹರಡಿತ್ತು. ನ್ಯೂಕಾಸಲ್ ಸುತ್ತ ಮಾತ್ರ ಜನ ಸ್ಪೆಲ್ಕ್ ಬಿಟ್ಟುಕೊಟ್ಟಿರಲಿಲ್ಲ. ಅದೇ ಹೊತ್ತಿಗೆ ಲಂಡನ್ನಿನ ಹ್ಯಾಕ್ನಿಯಂಥ ಬಡಾವಣೆಗಳಲ್ಲಿ ಕೆರಿಬಿಯನ್, ಆಫ್ರಿಕನ್, ಬಾಂಗ್ಲಾ ಮನೆಗಳ ಹುಡುಗರು ಹೊಸ ಇಂಗ್ಲಿಷು ಕಟ್ಟುತ್ತಿದ್ದಾರೆ. ಬೇರ್ ಅಂದರೆ ಬಹಳ, ಎಂಡ್ಸ್ ಅಂದರೆ ನಮ್ಮ ಕೇರಿ, ಮ್ಯಾನ್‌ಡೆಮ್ ಅಂದರೆ ನಮ್ಮ ಹುಡುಗರು. ರೈಟ್ ಇದ್ದಿದ್ದರೆ ಇವಕ್ಕೂ ಚೀಟಿ ಬರೆಯುತ್ತಿದ್ದ.

ನನ್ನ ಪ್ರೀತಿಯ ಎರಡು ಪದ ಕೊನೆಗೆ ಉಳಿಸಿಕೊಂಡಿದ್ದೆ. 'ಮಾರ್ಡಿ' ಅಂದರೆ ಮೂತಿ ಊದಿಸಿಕೊಂಡವನು, ಸಿಡುಕ. ನಾಟಿಂಗ್‌ಹ್ಯಾಮ್‌ಶೈರಿನ ಗಣಿ ಊರಿನಲ್ಲಿ ಹುಟ್ಟಿದ ಡಿ.ಎಚ್. ಲಾರೆನ್ಸ್ ಇದನ್ನು ಕಾದಂಬರಿಗೆ ತಂದ. ಶೆಫೀಲ್ಡಿನ ಆರ್ಕ್ಟಿಕ್ ಮಂಕೀಸ್ ತಂಡ 2006ರ ತಮ್ಮ ಮೊದಲ ಆಲ್ಬಮ್ಮಿನ ಒಂದು ಹಾಡಿಗೆ ಈ ಪದದಿಂದಲೇ ಹೆಸರಿಟ್ಟು ದೇಶಕ್ಕೆಲ್ಲ ಕಲಿಸಿತು. ಇನ್ನೊಂದು 'ನೆಶ್'. ಚಳಿ ತಡೆಯದವನು, ಸ್ವಲ್ಪ ಗಾಳಿ ಬೀಸಿದರೆ ಸ್ವೆಟರು ಹುಡುಕುವವನು. ಹಳೆಯ ಇಂಗ್ಲಿಷಿನ ಹ್ನೆಶ್ಚೆ, ಅಂದರೆ ಮೆತ್ತನೆಯ, ಎಳೆಯ. ಸಾವಿರ ವರ್ಷ ದಾಟಿದ ಪದ. ಇದಕ್ಕೆ ಪುಸ್ತಕದ ಇಂಗ್ಲಿಷಿನಲ್ಲಿ ಒಂದೇ ಪದದ ಸಮಾನಾರ್ಥ ನನಗೆ ಸಿಕ್ಕಿಲ್ಲ.

ಕಳೆದ ಚಳಿಗಾಲ ಅಮ್ಮ ಅಲ್ಲಿಗೆ ಹೋಗಿದ್ದರು. ವಿಡಿಯೋ ಕರೆಯಲ್ಲಿ ಅಮ್ಮ ಎರಡು ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿಕೊಂಡು ಹೀಟರಿನ ಪಕ್ಕ ಕೂತಿದ್ದರು. ತಂಗಿಯ ಏಳು ವರ್ಷದ ಮಗಳು ತೆಳ್ಳನೆ ಅಂಗಿಯಲ್ಲಿ ಹಿಂದಿನ ಗಿನಲ್‌ನಲ್ಲಿ ಓಡಿಯಾಡಿ ಒಳಗೆ ಬಂದಳು, ಅಜ್ಜಿಯ ಕೆನ್ನೆಗೆ ತಣ್ಣನೆಯ ಕೈ ಒತ್ತಿ ಫೋನಿಗೆ ಮುಖವಿಟ್ಟು ನನಗೆ ದೂರು ಹೇಳಿದಳು.

"ಮಾಮಾ, ಅಜ್ಜಿ ಎಷ್ಟೊಂದು ನೆಶ್ ಗೊತ್ತಾ!"

ಅಮ್ಮ ನನ್ನ ಕಡೆ ನೋಡಿ, ಹಾಗಂದರೇನೋ ಅಂದರು.